ಮೂರ್ತೆ ಬಿಟ್ಟರೆ ಮಾತ್ರ ರಕ್ಷಣೆಯೆ?

ನಮ್ಮ ದಾದರಿನ ಗೋಖಲೆ ರಸ್ತೆಯಲ್ಲಿ ಎಲ್ಲರೂ ‘ಪೋರ್ಚುಗೀಸ್ ಚರ್ಚ್’ ಎಂದು ಕರೆಯುವ ಇಗರ್ಜಿಯ ನಿಜವಾದ ಹೆಸರು ರಕ್ಷಣೆಯ ಮಾತೆಯ ದೇವಾಲಯ. 1596ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಕಟ್ಟಿದ್ದು. ಈಗಿರುವ ಕಟ್ಟಡ 1970ರ ದಶಕದ್ದು, ಚಾರ್ಲ್ಸ್ ಕೊರಿಯಾ ಅವರ ಕೈವಾಡ. ಅದರ ಮುಂದೆ ದಿನಾ ಹಾದುಹೋಗುವ ನಾವು ‘ರಕ್ಷಣೆ’ ಅಂದರೆ ಏನು ಅಂತ ಕೇಳೋದಿಲ್ಲ. ಕ್ರೈಸ್ತರ ಮಾತಿನಲ್ಲಿ ಅದು ಪಾಪದಿಂದ ಬಿಡುಗಡೆ. ಅದಕ್ಕೆ ಮನುಷ್ಯ ತಾನೇ ಪರಿಶುದ್ಧನಾಗಿ ಬದುಕಬೇಕೋ, ನಂಬಿದರೆ ಸಾಕೋ?

ಸತ್ಯವೇದದಲ್ಲಿ ಎರಡಕ್ಕೂ ಆಧಾರವಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ನಂಬಿಕೆಯನ್ನು ಎತ್ತಿ ಹಿಡಿಯುತ್ತಾನೆ. ಯಾಕೋಬನ ಪತ್ರಿಕೆ ನಡತೆಯಲ್ಲಿ ಕಾಣದ ನಂಬಿಕೆಗೆ ಬೆಲೆ ಕೊಡುವುದಿಲ್ಲ. ಲೂಥರನ ಪಂಥದವರ ಪ್ರಕಾರ ಕ್ರಿಸ್ತನ ನೀತಿಯೇ ನಂಬಿದವನ ಖಾತೆಗೆ ಜಮಾ ಆಗುತ್ತದೆ. (ಕಾಮರ್ಸಿನವರಿಗೆ ಇದು ಬೇಗ ಅರ್ಥವಾಗುತ್ತೆ!) ಒಳ್ಳೆಯ ನಡತೆ ಆಮೇಲೆ ಬರುವ ಫಲ, ಕೊಟ್ಟ ಬೆಲೆಯಲ್ಲ. ಕೃಪೆಯೇ ಮೊದಲು, ಆದರೆ ಮನುಷ್ಯನೂ ಅದರೊಡನೆ ಸಹಕರಿಸಬೇಕು ಎಂದು 1547ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಸಭೆ ಹೇಳಿತು. ನಮ್ಮ ಶ್ರೀವೈಷ್ಣವರಲ್ಲಿಯೂ ಇಂಥದೇ ಜಗಳ ಉಂಟಲ್ಲ: ತಾಯಿಯನ್ನು ತಾನೇ ಅವಚಿಕೊಳ್ಳುವ ಕೋತಿಮರಿಯೋ, ತಾಯಿ ಕಚ್ಚಿಕೊಂಡು ಹೋಗುವ ಬೆಕ್ಕಿನ ಮರಿಯೋ ಎಂದು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಈ ವಿಷಯದ ಮೂಲಭೂತ ಅಂಶಗಳಲ್ಲಿ ತಮಗೆ ಒಮ್ಮತವಿದೆ ಎಂದು ಸಹಿ ಹಾಕಿದರು.

ಪಂಡಿತರ ಸಹಿ ಸರಿ. ಬಡವನ ಬದುಕಿನಲ್ಲಿ ಈ ಪ್ರಶ್ನೆ ಹೇಗೆ ಬಂತು ಎಂಬುದಕ್ಕೆ ಕನ್ನಡನಾಡಿಗೇ ಹೋಗಬೇಕು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ನಮಗೆ ಅದು ಮೋಗ್ಲಿಂಗರ ‘ಮಂಗಳೂರ ಸಮಾಚಾರ’ದಿಂದ, ಕಿಟೆಲ್ಲರ ನಿಘಂಟಿನಿಂದ ಗೊತ್ತು. ಅಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ. ಅವರಲ್ಲಿ ಅನೇಕರ ಕಸುಬು ಮೂರ್ತೆ, ಅಂದರೆ ಮರ ಹತ್ತಿ ಕಳ್ಳು ಇಳಿಸುವುದು. ಇದು ಕ್ರೈಸ್ತನಿಗೆ ತಕ್ಕ ಕೆಲಸವಲ್ಲ, ಬಿಡಬೇಕು ಅಂದಿತು ಮಿಷನ್. ನಂಬಿಕೆ ಸಾಕು ಎಂದು ಬೋಧಿಸಿದವರೇ ಹೀಗೆ ಅಂದದ್ದು!

ಶಿಲುಬೆಯ ಮೇಲೆ ಯೇಸುವಿನ ಪಕ್ಕದಲ್ಲಿದ್ದ ಕಳ್ಳನಿಗೆ ಅವತ್ತೇ ಪರದೈಸಿನ ಭರವಸೆ ಸಿಕ್ಕಿತು. ನಡತೆ ತಿದ್ದಿಕೊಳ್ಳಲು ಅವನಿಗೆ ಇನ್ನೊಂದು ದಿನ ಇರಲಿಲ್ಲ. ಬಿಲ್ಲವನಿಗೆ ಮರುದಿನವೂ ಬೆಳಗಾಯಿತು. ಮನೆಯಲ್ಲಿ ಮಕ್ಕಳು, ಎದುರಿಗೆ ತಾಳೆಮರ. ಕಸುಬು ಬಿಟ್ಟರೆ ಊಟ ಎಲ್ಲಿಂದ? ಮಿಷನ್ ಈ ಪ್ರಶ್ನೆಯನ್ನು ಜಾರಿಸಿಕೊಳ್ಳಲಿಲ್ಲ, ಅದನ್ನು ಮೆಚ್ಚಲೇಬೇಕು. ನೇಯ್ಗೆ ಕಾರ್ಖಾನೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು.

ಆದರೆ ತೊಡಕೂ ಅಲ್ಲೇ ಹುಟ್ಟಿತು ಅಂತ ನನ್ನ ಅಭಿಪ್ರಾಯ. ಸಂಬಳ ಕೊಡುವವರೂ ನಡತೆ ನೋಡುವವರೂ ಒಬ್ಬರೇ ಆದಾಗ, ‘ಫಲ’ ಯಾವುದು, ‘ಬೆಲೆ’ ಯಾವುದು ಎಂದು ಮಗ್ಗದ ಮುಂದೆ ಕೂತವನಿಗೆ ಹೇಗೆ ತಿಳಿಯಬೇಕು? ಕುಡಿತ ಬಿಟ್ಟವನು ಕೃತಜ್ಞತೆಯಿಂದ ಬಿಟ್ಟನೋ, ಕೆಲಸ ಹೋದೀತೆಂದು ಬಿಟ್ಟನೋ, ಅವನಿಗೇ ಗೊತ್ತು. ಪರಿಶುದ್ಧತೆ ಬೇಕೇ ಬೇಕು. ಆದರೆ ಅದನ್ನು ಹೊರಗಿನವರು ಅಳೆಯಲು ಹೊರಟರೆ ಅದು ಮತ್ತೆ ಬೆಲೆಯೇ ಆಗಿಬಿಡುತ್ತೆ.

ಸಭೆಯ ಶಿಸ್ತು ಮೀರಿದವನನ್ನು ಕರ್ತನ ಭೋಜನದಿಂದ ದೂರ ಇಡುತ್ತಿದ್ದರು. ಹಾಗೆಂದು ಅವನ ರಕ್ಷಣೆ ಹೋಯಿತು ಎಂದು ತೀರ್ಪು ಕೊಟ್ಟಂತಲ್ಲ, ಅದು ದೇವರಿಗೆ ಬಿಟ್ಟದ್ದು. ಪಶ್ಚಾತ್ತಾಪಪಟ್ಟು ಬಂದವನಿಗೆ ಅದೇ ಪಂಕ್ತಿಯಲ್ಲಿ ಮತ್ತೆ ಜಾಗ ಇತ್ತು.