ಗಣಕಯಂತ್ರದಲ್ಲಿ ಸಂಗೀತ ಸಂಗ್ರಹದ ವ್ಯವಸ್ಥೆ

ಸಂಗೀತವನ್ನು ಕೂಡಿಡುವವರ ತೊಂದರೆಯು ಸಂಗ್ರಹವು ಬೆಳೆದ ಮೇಲೆಯೇ ತಲೆದೋರುತ್ತದೆ. ಕಪಾಟಿನಲ್ಲಿ ಇಪ್ಪತ್ತು ಕ್ಯಾಸೆಟ್ಟುಗಳಿರುವಾಗ ಯಾವುದು ಎಲ್ಲಿದೆಯೆಂಬುದನ್ನು ಕೈಯೇ ಬಲ್ಲದು. ಅದೇ ಸಂಗ್ರಹವು ಗಣಕಯಂತ್ರವನ್ನು ಸೇರಿ ಸಾವಿರಾರು ಕಡತಗಳಾಗಿ ಹರಡಿಕೊಂಡಾಗ, ಇದ್ದೂ ಇಲ್ಲದಂತಾಗುವುದುಂಟು. ಇಂತಹ ಸಂಗ್ರಹವನ್ನು ಸ್ಕ್ರಿಪ್ಟುಗಳ ನೆರವಿನಿಂದ ವ್ಯವಸ್ಥೆಗೊಳಿಸುವ ಬಗೆಯನ್ನು, ಅದರಲ್ಲಿ ನಾನು ಮಾಡಿದ ತಪ್ಪಿನ ಸಮೇತ, ಈ ಸಂಚಿಕೆಯ ವಾಚಕರ ಮುಂದೆ, ವಿಶೇಷವಾಗಿ ಗಣಕ ವಿಷಯವನ್ನು ಅಭ್ಯಸಿಸುತ್ತಿರುವ ಹಿರಿಯ ತರಗತಿಗಳ ವಿದ್ಯಾರ್ಥಿಗಳ ಮುಂದೆ ಇಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಸ್ಕ್ರಿಪ್ಟ್ ಎಂದರೆ ಗಣಕಯಂತ್ರವು ಒಂದರ ನಂತರ ಒಂದರಂತೆ ನೆರವೇರಿಸಬೇಕಾದ ಆಜ್ಞೆಗಳನ್ನು ಬರೆದಿಟ್ಟ ಒಂದು ಚಿಕ್ಕ ಬರಹ. ದೊಡ್ಡ ತಂತ್ರಾಂಶವನ್ನು ಕಟ್ಟುವ ಶ್ರಮ ಇದಕ್ಕೆ ಬೇಕಿಲ್ಲ. ಒಂದೆರಡು ಪುಟಗಳಷ್ಟು ಬರೆದರೆ ಸಾಕು. 1991ರಲ್ಲಿ ಪ್ರಕಟವಾದ ಪೈಥಾನ್ ಭಾಷೆಯು ಇಂತಹ ಕೆಲಸಕ್ಕೆ ಬಹಳ ಅನುಕೂಲವಾದುದು. ಆ ಭಾಷೆಯಲ್ಲಿ ಮ್ಯೂಟಜೆನ್ ಎಂಬ ಉಚಿತ ಉಪಕರಣವೊಂದಿದ್ದು, ಅದು ಧ್ವನಿಕಡತಗಳ ಒಳಗಿರುವ ಟ್ಯಾಗುಗಳನ್ನು ಓದಬಲ್ಲದು, ತಿದ್ದಬಲ್ಲದು. ಕ್ಯಾಸೆಟ್ಟಿನ ಮೇಲೆ ಅಂಟಿಸುತ್ತಿದ್ದ ಚೀಟಿಯಂತೆ, ಹಾಡಿದವರ ಹೆಸರು, ರಾಗ, ವರ್ಷ ಮುಂತಾದ ವಿವರಗಳನ್ನು ಧ್ವನಿಯ ಜೊತೆಗೇ ಕಡತದಲ್ಲಿ ಹುದುಗಿಸಿಡುವ ಚೀಟಿಯೇ ಟ್ಯಾಗ್.

ಧಾರವಾಡದಲ್ಲಿ ಶಿಕ್ಷಕರಾಗಿದ್ದ ನನ್ನ ತಂದೆಯವರು 1978ರಿಂದ 1991ರವರೆಗೆ ಆಕಾಶವಾಣಿಯ ಧಾರವಾಡ ಕೇಂದ್ರದಿಂದ ಪ್ರಸಾರವಾಗುತ್ತಿದ್ದ ಸಂಗೀತವನ್ನು ಕ್ಯಾಸೆಟ್ಟುಗಳಿಗೆ ತುಂಬಿಕೊಳ್ಳುತ್ತಿದ್ದರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಇವರೆಲ್ಲರೂ ಆ ಕಪಾಟಿನಲ್ಲಿದ್ದರು. 2009ರಲ್ಲಿ ಅವುಗಳಲ್ಲಿ ಅರ್ಧವನ್ನು ನಾನೂ, ಉಳಿದ ಅರ್ಧವನ್ನು ಪುಣೆಯಲ್ಲಿರುವ ನನ್ನ ತಮ್ಮನೂ ಗಣಕಯಂತ್ರಕ್ಕೆ ಇಳಿಸಿದೆವು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಯು ಮೂವತ್ತು ನಿಮಿಷಕ್ಕೆ ಮುಗಿಯುವುದರಿಂದ, ದೊಡ್ಡ ಖ್ಯಾಲುಗಳೆಲ್ಲ ನಡುವೆ ತುಂಡಾಗಿ ಎರಡೆರಡು ಕಡತಗಳಾದವು. ಒಟ್ಟು 1,140 ಕಡತಗಳು. ಇಳಿಸಿದ ಮೇಲೆ ಅನೇಕ ಕ್ಯಾಸೆಟ್ಟುಗಳನ್ನು, ಇನ್ನೇಕೆ ಬೇಕೆಂದು, ವಿಲೇವಾರಿ ಮಾಡಿದೆವು.

2014ರಲ್ಲಿ ನಾನು ಒಂದು ಸ್ಕ್ರಿಪ್ಟು ಬರೆದೆ. ಪ್ರತಿಯೊಂದು ಕಡತದ ಟ್ಯಾಗನ್ನು ಓದಿ, ಹಾಡಿದವರ ಹೆಸರು ಮತ್ತು ರಾಗದ ಹೆಸರುಗಳನ್ನು ಜೋಡಿಸಿ, ಅದನ್ನೇ ಕಡತದ ಹೊಸ ಹೆಸರನ್ನಾಗಿಸಿ, ಎಲ್ಲವನ್ನೂ ಒಂದೇ ಕಡೆಗೆ ಸಾಗಿಸುವುದು ಅದರ ಕೆಲಸ. ಒಂದು ನಿಮಿಷದೊಳಗೆ ಕೆಲಸ ಮುಗಿಯಿತು. ತಪ್ಪೆಂದು ಒಂದು ಸಾಲೂ ಪರದೆಯ ಮೇಲೆ ಮೂಡಲಿಲ್ಲ. ಅನಂತರ ಎಣಿಸಿ ನೋಡಿದರೆ 1,097 ಕಡತಗಳಿದ್ದವು! ಮನಸೂರರ ಭೈರವಿಯ ಮೂರು ಧ್ವನಿಮುದ್ರಣಗಳು ಬೇರೆ ಬೇರೆ ವರ್ಷಗಳವು. ಆದರೆ ನನ್ನ ನಿಯಮದ ಪ್ರಕಾರ ಮೂರರ ಹೊಸ ಹೆಸರೂ ಒಂದೇ ಆಗಿತ್ತು. ಎರಡನೆಯದು ಬಂದು ಮೊದಲನೆಯದನ್ನು ಅಳಿಸಿತು, ಮೂರನೆಯದು ಎರಡನೆಯದನ್ನು. ಹೆಸರು ಬದಲಾಯಿಸುವ ಪೈಥಾನಿನ ಸಾಮಾನ್ಯ ಆಜ್ಞೆಯು, ಆ ಹೆಸರಿನ ಕಡತ ಮೊದಲೇ ಇದ್ದರೆ, ವಿಂಡೋಸ್‌ನಲ್ಲಿ ತಪ್ಪನ್ನು ತೋರಿಸಿ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಮಾತಿಲ್ಲದೆ ಹಳೆಯದರ ಮೇಲೆ ಹೊಸದನ್ನು ಇರಿಸುತ್ತದೆ. ನನ್ನದು ಲಿನಕ್ಸ್ ಯಂತ್ರ. ಇನ್ನೊಂದು ಪ್ರತಿಯನ್ನು ಮಾಡಿಟ್ಟುಕೊಳ್ಳುವ ಕೆಲಸವನ್ನು ಮರುದಿನಕ್ಕೆಂದು ಬಿಟ್ಟಿದ್ದೆ. ಕಳೆದುಹೋದ 43ರಲ್ಲಿ 31ನ್ನು ಮನೆಯಲ್ಲಿ ಉಳಿದಿದ್ದ ಕ್ಯಾಸೆಟ್ಟುಗಳಿಂದ ಮತ್ತೆ ಇಳಿಸಿಕೊಂಡೆ. ಹನ್ನೆರಡು ಹೋದವು.

ಈ ಪ್ರಸಂಗದ ನಂತರವೇ ನಾನು ವಿಷಯವನ್ನು ಕ್ರಮವಾಗಿ ಅಭ್ಯಸಿಸತೊಡಗಿದುದು. ಮೊದಲು ಚೀಟಿಯ ಸಂಗತಿಯನ್ನೇ ನೋಡೋಣ. ಎಂಪಿ3 ಕಡತಗಳಿಗೆ 1996ರಲ್ಲಿ ರೂಪಿಸಿದ ಐಡಿ3 ಪದ್ಧತಿಯ ಮೊದಲ ಆವೃತ್ತಿಯಲ್ಲಿ ಟ್ಯಾಗ್ ಎಂಬುದು ಕಡತದ ಕೊನೆಗೆ ಸೇರಿಸಿದ 128 ಬೈಟುಗಳ ಒಂದು ತುಂಡು. ಅದರಲ್ಲಿ ಹಾಡಿನ ಹೆಸರಿಗೆ 30, ಹಾಡಿದವರ ಹೆಸರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4 ಬೈಟುಗಳು. ರೋಮನ್ ಲಿಪಿಯಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟು ಸಾಕಾಗುವುದರಿಂದ ಅವರಿಗೆ ಅದು ಧಾರಾಳವೆನಿಸಿರಬೇಕು. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿಯಾದರೋ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ಕಾಗುಣಿತದ ಚಿಹ್ನೆಯೂ ಬೇರೊಂದು ಸಂಕೇತವೇ. ‘ಭೀಮಸೇನ ಜೋಶಿ’ ಎಂಬ ಹೆಸರಿನಲ್ಲಿ ಹತ್ತು ಕನ್ನಡ ಸಂಕೇತಗಳೂ ಒಂದು ತೆರಪೂ ಇವೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: 31 ಬೈಟುಗಳು. ಇದ್ದ ಸ್ಥಳ ಮೂವತ್ತು. ಯಾವುದೋ ತಂತ್ರಾಂಶವು ಈ ಹೆಸರನ್ನು ಆ ಸ್ಥಳದಲ್ಲಿ ತುರುಕಿದಾಗ ಕೊನೆಯ ಗುಡಿಸು ಮುರಿದು, ‘ಜೋಶ’ ಎಂಬುದರ ಮುಂದೆ ಅರ್ಥವಿಲ್ಲದ ಗುರುತೊಂದು ಉಳಿಯುತ್ತದೆ. ನನ್ನ ಸಂಗ್ರಹದಲ್ಲಿ ಹಾಗೆ ಉಳಿದಿತ್ತು. ಎಷ್ಟೋ ದಿನ ಅದು ಫಾಂಟಿನ ದೋಷವೆಂದೇ ಭಾವಿಸಿದ್ದೆ. 1998ರಿಂದ ಬಂದ ಎರಡನೆಯ ಆವೃತ್ತಿಯಲ್ಲಿ ಈ ಇಕ್ಕಟ್ಟು ಇಲ್ಲ. ಫ್ಲ್ಯಾಕ್ ಎಂಬ, ಧ್ವನಿಯ ಯಾವ ಅಂಶವನ್ನೂ ಕಳೆಯದೆ ಅಡಕಗೊಳಿಸುವ ಪದ್ಧತಿಯಲ್ಲಂತೂ ರಾಗ, ತಾಳ, ಪ್ರಸಾರದ ದಿನಾಂಕ ಎಂದು ನಮಗೆ ಬೇಕಾದ ಅಂಕಣಗಳನ್ನೇ ಸೃಷ್ಟಿಸಿಕೊಳ್ಳಬಹುದು. ಅಂಕಣದ ಹೆಸರು ರೋಮನ್ ಅಕ್ಷರಗಳಲ್ಲಿರಬೇಕು, ಒಳಗಿನ ವಿವರ ಕನ್ನಡದಲ್ಲಿರಲು ಅಡ್ಡಿಯಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ನನ್ನ ಯಂತ್ರದಲ್ಲಿ ‘ಜೋಶಿ’ ಎಂದು ಹುಡುಕಿದರೆ ನಾನು ಇಳಿಸಿದ ಕಡತಗಳು ಮಾತ್ರ ದೊರೆಯುತ್ತಿದ್ದವು, ತಮ್ಮನು ಕಳಿಸಿದವು ದೊರೆಯುತ್ತಿರಲಿಲ್ಲ. ಕಣ್ಣಿಗೆ ಎರಡೂ ಹೆಸರುಗಳು ಒಂದೇ. ಕಾರಣವೇನೆಂದರೆ, ಯೂನಿಕೋಡ್‌ನಲ್ಲಿ ‘ೋ’ ಎಂಬ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ‘ೆ’, ‘ೂ’ ಮತ್ತು ದೀರ್ಘದ ಗುರುತು ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ‘ೀ’ ಮತ್ತು ‘ೇ’ಗಳು ಹೀಗೆಯೇ ಎರಡೆರಡಾಗಿ ಒಡೆಯುತ್ತವೆ. ತಮ್ಮನದು ಆಪಲ್ ಯಂತ್ರ. ಆ ಕಾಲದಲ್ಲಿ ಅದರಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ಎಂಬ ವ್ಯವಸ್ಥೆಯು ಕಡತದ ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ಆಗ ‘ಭೀಮಸೇನ ಜೋಶಿ’ಯು 31 ಬೈಟುಗಳ ಬದಲು 43 ಬೈಟುಗಳಾಗುತ್ತದೆ. ಬೈಟುಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳು! ಕನ್ನಡ ವ್ಯಾಕರಣದ ತರಗತಿಯಲ್ಲಿ ಬಿಡಿಸಿ ಬರೆಯಿರಿ, ಕೂಡಿಸಿ ಬರೆಯಿರಿ ಎನ್ನುತ್ತಾರಲ್ಲ, ಅದೇ ಅಭ್ಯಾಸವನ್ನು ಇಲ್ಲಿ ಯಂತ್ರಕ್ಕೆ ಮಾಡಿಸಬೇಕು. ಎಲ್ಲ ಹೆಸರುಗಳನ್ನೂ ಕೂಡಿಸಿದ ರೂಪಕ್ಕೆ ತರುವ ಆಜ್ಞೆ ಪೈಥಾನಿನಲ್ಲಿಯೇ ಇದೆ. ಹೋಲಿಕೆಗೆ ಮೊದಲು ಅದನ್ನು ನಡೆಸತಕ್ಕದ್ದು.

ಇಲ್ಲಿಯವರೆಗಿನದು ಯಂತ್ರದ ವಿಷಯ. ನಿಯಮ ತಿಳಿದರೆ ಸ್ಕ್ರಿಪ್ಟೇ ಸರಿಪಡಿಸುತ್ತದೆ. ಮುಂದಿನದು ಹಾಗಲ್ಲ. ಮನಸೂರ, ಮನ್ಸೂರ, ಮನ್ಸೂರ್ ಎಂಬ ಮೂರು ಬರವಣಿಗೆಗಳು ಒಬ್ಬರವೇ ಎಂಬುದನ್ನು ಯಾರಾದರೂ ಹೇಳಿಕೊಡಬೇಕು. ಇದಕ್ಕಾಗಿ ಒಂದು ಕೋಷ್ಟಕವನ್ನು ಮಾಡಿ, ಎಡಕ್ಕೆ ಕಂಡುಬಂದ ರೂಪಗಳನ್ನೂ ಬಲಕ್ಕೆ ಒಪ್ಪಿಕೊಂಡ ರೂಪವನ್ನೂ ಬರೆದುಕೊಂಡೆ. ಗ್ರಂಥಾಲಯಗಳಲ್ಲಿ ಲೇಖಕರ ಹೆಸರುಗಳಿಗೆ ಇಂತಹ ವ್ಯವಸ್ಥೆ ಬಹುಕಾಲದಿಂದ ಇದೆ. ಆದರೆ ರಾಗಗಳ ವಿಷಯದಲ್ಲಿ ಇದೇ ಉಪಾಯ ನನ್ನನ್ನು ದಾರಿ ತಪ್ಪಿಸುವುದರಲ್ಲಿತ್ತು. ಹಿಂದುಸ್ತಾನಿಯ ಹಿಂಡೋಲವನ್ನೂ ಕರ್ನಾಟಕ ಸಂಗೀತದ ಹಿಂದೋಳವನ್ನೂ, ಬರವಣಿಗೆಯ ಭೇದವೆಂದು ಬಗೆದು ನಾನು ಒಂದುಗೂಡಿಸಲಿದ್ದೆ. ಅವು ಬೇರೆ ರಾಗಗಳು. ಕರ್ನಾಟಕದ ಹಿಂದೋಳಕ್ಕೆ ಸಮೀಪವಾದುದು ಹಿಂದುಸ್ತಾನಿಯ ಮಾಲಕಂಸ. ತೋಡಿಯ ಕತೆಯೂ ಇದೇ: ಹಿಂದುಸ್ತಾನಿ ತೋಡಿಗೆ ಹತ್ತಿರವಿರುವುದು ಕರ್ನಾಟಕದ ಶುಭಪಂತುವರಾಳಿಯೇ ಹೊರತು ಅಲ್ಲಿನ ತೋಡಿಯಲ್ಲ. ಹೆಸರು ಒಂದಿದ್ದು ರಾಗ ಬೇರೆ, ರಾಗ ಒಂದಿದ್ದು ಹೆಸರು ಬೇರೆ. ಯಾವ ಸ್ಕ್ರಿಪ್ಟೂ ಅಕ್ಷರಗಳನ್ನು ನೋಡಿ ಇದನ್ನು ತಿಳಿಯಲಾರದು. ವಚನಗಾಯನದ ಕಡತಗಳಲ್ಲಿ ಇನ್ನೊಂದು ಎಚ್ಚರ ಬೇಕು. ವಚನವನ್ನು ರಚಿಸಿದವರು, ಅದಕ್ಕೆ ಸ್ವರ ಸಂಯೋಜಿಸಿದವರು, ಹಾಡಿದವರು ಎಂಬ ಮೂವರಿಗೆ ಮೂರು ಅಂಕಣಗಳಿರಬೇಕು. ನನ್ನ ಮೊದಲ ಪಟ್ಟಿಯಲ್ಲಿ ಅಕ್ಕಮಹಾದೇವಿಯೇ ಗಾಯಕಿಯೆಂದು ದಾಖಲಾಗಿದ್ದಳು.

ಆದುದರಿಂದ ಈಗ ನಾನು ಅನುಸರಿಸುವ ಕ್ರಮವೇ ಬೇರೆ. ಒಂದು ಸ್ಕ್ರಿಪ್ಟಿನ ಬದಲು ಎರಡು. ಮೊದಲನೆಯದು ಯಾವ ಕಡತವನ್ನೂ ಮುಟ್ಟುವುದಿಲ್ಲ. ಎಲ್ಲವನ್ನೂ ಓದಿ ಒಂದು ಕೋಷ್ಟಕವನ್ನು ಮಾತ್ರ ಬರೆಯುತ್ತದೆ. ಸಾಲಿಗೊಂದು ಕಡತ: ಈಗಿನ ಹೆಸರು, ಅವಧಿ, ಟ್ಯಾಗಿನಲ್ಲಿರುವುದು, ಸ್ಕ್ರಿಪ್ಟು ಸೂಚಿಸುವ ಹೊಸ ಹೆಸರು, ಟಿಪ್ಪಣಿ. ಆ ಕೋಷ್ಟಕವನ್ನು ಮನುಷ್ಯರು ಕುಳಿತು ತಿದ್ದುತ್ತಾರೆ. ಎರಡನೆಯ ಸ್ಕ್ರಿಪ್ಟು ತಿದ್ದಿದ ಕೋಷ್ಟಕವನ್ನು ಓದಿ, ಹೊಸ ಹೆಸರುಗಳಲ್ಲಿ ಯಾವ ಎರಡೂ ಒಂದೇ ಆಗಿಲ್ಲವೆಂಬುದನ್ನೂ ಆ ಹೆಸರಿನ ಕಡತ ಮೊದಲೇ ಇಲ್ಲವೆಂಬುದನ್ನೂ ಪರೀಕ್ಷಿಸುತ್ತದೆ. ಒಂದು ಸಾಲು ತಪ್ಪಿದ್ದರೂ ಅದು ಏನನ್ನೂ ಮಾಡದೆ ನಿಲ್ಲಬೇಕು. ಎಲ್ಲವೂ ಸರಿಯಿದ್ದರೆ, ಮಾಡಲಿರುವುದನ್ನು ಮೊದಲು ಪರದೆಯ ಮೇಲೆ ತೋರಿಸಿ, ನಾನು ಬೇರೆಯಾಗಿ ಒಪ್ಪಿಗೆ ಕೊಟ್ಟ ಮೇಲೆಯೇ ಕಾರ್ಯಕ್ಕೆ ತೊಡಗುತ್ತದೆ. ಹಳೆಯ ಹೆಸರು, ಹೊಸ ಹೆಸರುಗಳ ದಿನಚರಿಯೊಂದನ್ನು ಬರೆದಿಡುವುದರಿಂದ, ಬೇಡವಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ಸಣ್ಣದೊಂದು ಮಾತು: ತುಂಡುಗಳ ಸಂಖ್ಯೆಯನ್ನು 01, 02 ಎಂದೇ ಬರೆಯಬೇಕು. ಇಲ್ಲವಾದರೆ ಅನೇಕ ತಂತ್ರಾಂಶಗಳು 1ರ ನಂತರ 10ನ್ನೂ ಆಮೇಲೆ 2ನ್ನೂ ಇಟ್ಟುಬಿಡುತ್ತವೆ.

ಎರಡೆರಡು ಪ್ರತಿಗಳನ್ನು ಪತ್ತೆ ಹಚ್ಚುವುದಕ್ಕೂ ಹೆಸರನ್ನು ನಂಬಬಾರದೆಂಬುದು ಭೈರವಿಯ ಪ್ರಸಂಗದಿಂದ ಸ್ಪಷ್ಟ. ಖ್ಯಾಲ್ ಗಾಯಕರು ಒಂದೇ ರಾಗವನ್ನು ಎರಡು ಸಲ ಒಂದೇ ರೀತಿ ಹಾಡುವುದಿಲ್ಲವಾದ್ದರಿಂದ ಪ್ರತಿಯೊಂದು ಮುದ್ರಣವೂ ಬೇರೆಯೇ ಒಂದು ಕೃತಿ. ಕಡತದ ಎಲ್ಲ ಬೈಟುಗಳಿಂದ ಲೆಕ್ಕ ಹಾಕಿ ಪಡೆಯುವ ಮೊಹರಿನಂತಹ ಸಂಖ್ಯೆಯನ್ನು ಹೋಲಿಸುವುದು ರೂಢಿಯಲ್ಲಿದೆ. ಆದರೆ ಟ್ಯಾಗಿನಲ್ಲಿ ಒಂದಕ್ಷರ ತಿದ್ದಿದರೂ ಆ ಸಂಖ್ಯೆ ಬದಲಾಗುತ್ತದೆ. ಫ್ಲ್ಯಾಕ್ ಕಡತಗಳಲ್ಲಿ ಮೂಲ ಧ್ವನಿಯೊಂದರದೇ ಇಂತಹ ಸಂಖ್ಯೆಯನ್ನು ಕಡತದ ಆರಂಭದಲ್ಲಿ ಬರೆದಿಡುವ ಏರ್ಪಾಡಿದೆ. ಚೀಟಿಯನ್ನು ಎಷ್ಟು ಸಲ ತಿದ್ದಿದರೂ ಅದು ಬದಲಾಗದು. ಈ ಒಂದು ಗುಣಕ್ಕಾಗಿಯೇ ನಾನು ಮೂಲ ಸಂಗ್ರಹವನ್ನು ಫ್ಲ್ಯಾಕ್‌ನಲ್ಲಿಟ್ಟು, ಕೇಳುವುದಕ್ಕೆ ಮಾತ್ರ ಎಂಪಿ3 ಪ್ರತಿಗಳನ್ನು ಸ್ಕ್ರಿಪ್ಟಿನಿಂದ ಮಾಡಿಸಿಕೊಳ್ಳುತ್ತೇನೆ. ಧ್ವನಿಯನ್ನು ಕೇಳಿಯೇ ಹಾಡನ್ನು ಗುರುತಿಸುವ ಅಂತರಜಾಲದ ಸೇವೆಗಳೂ ಇವೆ. ಮಾರಾಟಕ್ಕೆ ಬಂದ ಆಲ್ಬಮ್ಮುಗಳಿಗೆ ಅವು ಉಪಯುಕ್ತ. ರೇಡಿಯೋದಿಂದ ಮನೆಯಲ್ಲಿ ತುಂಬಿಕೊಂಡ ಕ್ಯಾಸೆಟ್ಟಿಗೆ ಅಲ್ಲಿ ಹೋಲಿಕೆಯೇ ದೊರೆಯುವುದಿಲ್ಲ.

ಹೀಗೆ ಸ್ಕ್ರಿಪ್ಟು ಮಾಡಿಕೊಟ್ಟ ಕೋಷ್ಟಕದಲ್ಲಿ 86 ಸಾಲುಗಳು ಹೆಸರಿಲ್ಲದೆ ಉಳಿದವು. ಅವುಗಳ ಮೊದಲ ಎರಡೆರಡು ನಿಮಿಷಗಳನ್ನು ಕತ್ತರಿಸಿ ಒಂದರ ಹಿಂದೊಂದು ಜೋಡಿಸುವ ಕೆಲಸವನ್ನೂ ಒಂದು ಸ್ಕ್ರಿಪ್ಟಿಗೇ ವಹಿಸಿದೆ. ಈಗ ಎಂಬತ್ತು ದಾಟಿರುವ ತಂದೆಯವರು ಸಂಜೆಯ ಹೊತ್ತು ಅದನ್ನು ಕೇಳುತ್ತಾರೆ, ಪಕ್ಕದಲ್ಲಿ ಕುಳಿತು ನಾನು ಸಾಲುಗಳನ್ನು ತುಂಬುತ್ತೇನೆ. ಕೆಲವನ್ನು ತಂಬೂರಿಯ ಶ್ರುತಿ ಕೇಳಿದೊಡನೆ ಹೇಳಿಬಿಡುತ್ತಾರೆ. ಕೆಲವಕ್ಕೆ ಎರಡು ಮೂರು ಸಂಜೆಗಳು ಬೇಕಾಗುತ್ತವೆ. ಒಂದು ಬಾಗೇಶ್ರೀಯನ್ನು ನಾನು ಆಕಾಶವಾಣಿಯದೆಂದು ಬರೆಯಹೊರಟಾಗ ಅವರು ಕೈ ಹಿಡಿದು ತಡೆದರು. “ಅದು ರೇಡಿಯೋದ್ದಲ್ಲಪಾ. ಗದಗಿನ್ಯಾಗ ಎದುರಿಗೆ ಕೂತು ತುಂಬಿಕೊಂಡದ್ದು. ನಡುವ ಕೆಮ್ಮಿದಾವ ನಾನ.” ಕೆಮ್ಮನ್ನು ಗದ್ದಲವೆಂದು ತೆಗೆದುಹಾಕುವ ಸ್ಕ್ರಿಪ್ಟೊಂದನ್ನು ನಾನು ಆ ವಾರವಷ್ಟೇ ಬರೆದು ಮುಗಿಸಿದ್ದೆ. ಆ ಸಾಲಿನ ಟಿಪ್ಪಣಿಯಲ್ಲಿ ಅವರ ಮಾತನ್ನು ಹಾಗೆಯೇ ಬರೆದು, ಕಡತವನ್ನು ಮುಟ್ಟದೆ ಬಿಟ್ಟಿದ್ದೇನೆ. ಇನ್ನು ಹತ್ತೊಂಬತ್ತು ಸಾಲುಗಳು ಖಾಲಿ ಉಳಿದಿವೆ.