ಗ್ರೀನ್‌ಲಾ ಕಂಡ ಹಂಪೆ

ಇತಿಹಾಸಕ್ಕೆ ಆಧಾರವೆಂದರೆ ಶಾಸನ, ಗ್ರಂಥಗಳೇ ಎಂದು ನಾನು ಬಹುಕಾಲ ನಂಬಿದ್ದೆ. ನಮ್ಮ ವಳಕಮದಿನ್ನಿಯ ಸೀಮೆಯವರಿಗೆ ಮಸ್ಕಿಯ ಅಶೋಕಶಾಸನದ ಅಭಿಮಾನವಿರುವುದು ಸಹಜವಷ್ಟೆ. ಆದರೆ ಹಂಪೆಯ ಒಂದು ಹಳೆಯ ಛಾಯಾಚಿತ್ರ ನನ್ನ ಆ ನಂಬಿಕೆಯನ್ನು ತಿದ್ದಿತು. ಅದನ್ನು ತೆಗೆದಾತ ಅಲೆಗ್ಸಾಂಡರ್ ಗ್ರೀನ್‌ಲಾ.

ಗ್ರೀನ್‌ಲಾ ವೃತ್ತಿಯಿಂದ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ಅಧಿಕಾರಿ. 1856ರಲ್ಲಿ ಆತ ಹಂಪೆಯ ಗುಡಿ, ಮಂಟಪ, ಬಂಡೆಗಳನ್ನು ಚಿತ್ರಗಳಲ್ಲಿ ಹಿಡಿದನು. ಆಗ ಫಿಲ್ಮ್ ಇರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕ್ಯಾಲೋಟೈಪ್ ಪದ್ಧತಿಯಲ್ಲಿ ಬೆಳ್ಳಿಯ ಲವಣ ಲೇಪಿಸಿದ ಕಾಗದವೇ ನೆಗೆಟಿವ್. ಬೆಳಕು ಹಾಯಲೆಂದು ಅದಕ್ಕೆ ಮೇಣ ಹಿಡಿಸಿ, ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೊಡ್ಡಿ ಪ್ರತಿ ಪಡೆಯುತ್ತಿದ್ದರು. ಪ್ರತಿಯು ನೆಗೆಟಿವಿನ ಅಳತೆಯದೇ ಆಗುತ್ತಿದ್ದುದರಿಂದ, ದೊಡ್ಡ ಚಿತ್ರ ಬೇಕಾದರೆ ದೊಡ್ಡ ಕ್ಯಾಮೆರಾವನ್ನೇ ಹೊರಬೇಕಾಗಿತ್ತು.

ಆತನ ಶೈಲಿಯಲ್ಲಿ ಈ ಸಾಧನದ ಗುಣವೂ ಬೆರೆತಿದೆ. ಆ ಕಾಗದಕ್ಕೆ ನೀಲಿಯ ಬೆಳಕು ಬೇಗ ತಾಗುತ್ತದೆ. ಆದ್ದರಿಂದ ಆಕಾಶ ಬರಿಯ ಬಿಳುಪು. ಅದರೆದುರು ಕಲ್ಲಿನ ಅಂಚು ಸ್ಫುಟವಾಗಿ ನಿಲ್ಲುತ್ತದೆ. ಬಹಳ ಹೊತ್ತು ಬೆಳಕಿಗೆ ಒಡ್ಡಬೇಕಾದ್ದರಿಂದ ನಡೆದಾಡುವ ಜನರು ಮೂಡುವುದಿಲ್ಲ. ಈ ನಿರ್ಜನತೆಯನ್ನು ಕಂಡು ಅಂದಿನ ಹಂಪೆಯಲ್ಲಿ ಜನರೇ ಇರಲಿಲ್ಲವೆಂದು ತೀರ್ಮಾನಿಸಿದರೆ ತಪ್ಪಾದೀತು. ಚಿತ್ರವನ್ನೂ ಶಾಸನದಂತೆಯೇ ವಿಚಾರಿಸಿ ಓದಬೇಕು.

ಹಾಗೆ ಓದಿದರೆ ಅದು ಎಷ್ಟನ್ನು ತಿಳಿಸುತ್ತದೆ! ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು 2017ರಲ್ಲಿ ಬಂದ 50 ರೂಪಾಯಿಯ ನೋಟಿನಲ್ಲಿ ಎಲ್ಲರೂ ನೋಡಿದ್ದೇವೆ. ಅದರ ಮೇಲ್ಭಾಗ ಬರಿದು. ಗ್ರೀನ್‌ಲಾನ ಚಿತ್ರದಲ್ಲಾದರೋ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಗೋಪುರ ಹೋಯಿತು, ಚಿತ್ರ ಉಳಿಯಿತು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಎದುರುಬದುರು ಇಟ್ಟರೆ 127 ವರ್ಷಗಳಲ್ಲಿ ಉಳಿದದ್ದೇನು, ಅಳಿದದ್ದೇನು ಎಂಬುದು ಕಣ್ಣಿಗೆ ಕಾಣುತ್ತದೆ.

ನಮ್ಮಜ್ಜನ ಮಣ್ಣಿನ ಮಾಳಿಗೆಮನೆ ಬಿದ್ದುಹೋಗಿ ಬಹಳ ವರ್ಷವಾಗಿಲ್ಲ. ಅದರ ಒಂದು ಚಿತ್ರವೂ ಇಲ್ಲ. ಪಡಸಾಲೆ ಯಾವ ದಿಕ್ಕಿಗಿತ್ತೆಂಬುದರಲ್ಲಿ ಇಂದು ಮನೆಯವರಲ್ಲೇ ಒಮ್ಮತವಿಲ್ಲ. ವಿಜಯನಗರಕ್ಕೆ ಒಬ್ಬ ಗ್ರೀನ್‌ಲಾ ಒದಗಿದನು. ನಮ್ಮ ಹಳ್ಳಿಗಳಿಗೆ ಯಾರು ಒದಗಬೇಕು? ಇಂದು ಕ್ಯಾಮೆರಾ ನಮ್ಮ ಕಿಸೆಯಲ್ಲೇ ಇದೆ. ರಜೆಗೆ ಊರಿಗೆ ಹೋಗುವ ಮಿತ್ರರು ತಮ್ಮೂರಿನ ಗುಡಿ, ಬಾವಿ, ಹಳೆಯ ಮನೆಗಳ ಚಿತ್ರ ತೆಗೆದು, ಸ್ಥಳ ಮತ್ತು ತಾರೀಖು ಬರೆದಿಡಲಿ ಎಂದು ವಿನಂತಿಸುತ್ತೇನೆ.