ಬಿಸಿಲ ಬಾಲ್ಕನಿಗೆ ಎಲೆಗಿಡ

ತಂಗಿ, ಸಿಂಧನೂರಿನ ಹೊಸ ಫ್ಲ್ಯಾಟಿಗೆ ನಾಲ್ಕು ಎಲೆಗಿಡ ತರಬೇಕು ಅಂದೆಯಲ್ಲ, ನರ್ಸರಿಗೆ ಹೋಗುವ ಮುಂಚೆ ಬಾಲ್ಕನಿಯಲ್ಲಿ ಬಿಸಿಲು ಯಾವ ಹೊತ್ತಿಗೆ ಬೀಳುತ್ತದೆ ನೋಡಿಕೊ. ಮುಂಜಾನೆಯ ಬಿಸಿಲಾದರೆ ಬಹಳಷ್ಟು ಗಿಡ ತಾಳಿಕೊಳ್ಳುತ್ತವೆ. ಪಶ್ಚಿಮದ್ದಾದರೆ ಬೇರೆ ಮಾತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಹೊತ್ತು ಮುಳುಗಿದರೂ ಗೋಡೆಯ ಕಾವು ಇಳಿಯುವುದಿಲ್ಲ. ಅಂಥ ಕಡೆ ಮನಿ ಪ್ಲಾಂಟ್, ಅರೇಕಾ ಪಾಮ್ ಇಟ್ಟರೆ ಎಲೆ ಸುಟ್ಟುಹೋಗುತ್ತದೆ. ಅವು ಮನೆಯೊಳಗಿನ ಬೆಳಕಿಗೆ ಸರಿ.

ಪಶ್ಚಿಮದ ಬಾಲ್ಕನಿಗೆ ನಾನು ಹೇಳುವುದು ಸ್ನೇಕ್ ಪ್ಲಾಂಟ್, ಲೋಳೆಸರ, ಸಣ್ಣ ದುಂಡೆಲೆಯ ಜೇಡ್. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡಗಳಿವು. ಬೇಸಿಗೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬಂದರೂ ಹೆದರಬೇಕಿಲ್ಲ. ಬಣ್ಣ ಬೇಕಾದರೆ ಪರ್ಪಲ್ ಹಾರ್ಟ್ ತಗೊ. ಬಿಸಿಲು ಹೆಚ್ಚಿದಷ್ಟೂ ಅದರ ನೇರಳೆ ಗಾಢವಾಗುತ್ತದೆ, ತುಂಡು ಮುರಿದು ನೆಟ್ಟರೂ ಚಿಗುರುತ್ತದೆ. ಕ್ರೋಟನ್ನಿಗೂ ಬೆಳಕಿಲ್ಲದೆ ಬಣ್ಣ ಬರುವುದಿಲ್ಲ, ಆದರೆ ಅದಕ್ಕೆ ಮುಂಜಾನೆಯ ಬಿಸಿಲೇ ಹಿತ. ಜಾಗ ಬದಲಾದ ಕೂಡಲೇ ಎಲೆ ಉದುರಿಸುತ್ತದೆ, ಸತ್ತಿತೆಂದು ಎಸೆಯಬೇಡ. ಕ್ರೋಟನ್, ಸ್ನೇಕ್ ಪ್ಲಾಂಟ್ ಎರಡರ ಎಲೆಯೂ ಹೊಟ್ಟೆಗೆ ಹೋಗಬಾರದು. ಮನೆಯಲ್ಲಿ ಅಂಬೆಗಾಲಿಡುವ ಕೂಸಿದೆ, ಎತ್ತರದಲ್ಲಿಡು.

ಇನ್ನು ಮಣ್ಣು. ಗಿಡ ಸಾಯುವುದು ಹೆಚ್ಚಾಗಿ ಇಲ್ಲೇ. ಹೊಲದ ಎರೆಮಣ್ಣನ್ನು ಹಾಗೇ ಕುಂಡಕ್ಕೆ ತುಂಬಬೇಡ. ಹಸಿಯಿದ್ದಾಗ ಬೇರಿಗೆ ಉಸಿರಾಡಲು ಬಿಡುವುದಿಲ್ಲ; ಒಣಗಿದರೆ ಬಿರಿದು ಕುಂಡದ ಅಂಚು ಬಿಟ್ಟುಕೊಳ್ಳುತ್ತದೆ, ಹಾಕಿದ ನೀರೆಲ್ಲ ಆ ಸಂದಿಯಿಂದ ತಳಕ್ಕೆ ಜಾರಿಹೋಗುತ್ತದೆ. ಲಿಂಗಸುಗೂರು, ಮಸ್ಕಿ ಕಡೆಯಿಂದ ಯಾರಾದರೂ ಬರುವವರಿದ್ದರೆ ಒಂದು ಚೀಲ ಮಸಾರಿ ಮಣ್ಣು ತರಿಸು. ಎರಡು ಪಾಲು ಮಸಾರಿಗೆ ಒಂದು ಪಾಲು ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಉಸುಕು ಅಥವಾ ಕಪ್ಪಗೆ ಸುಟ್ಟ ಭತ್ತದ ಹೊಟ್ಟು. ರೈಸ್ ಮಿಲ್ಲುಗಳ ಊರಲ್ಲಿ ಹೊಟ್ಟಿಗೇನು ಬರ? ಆದರೆ ಪೂರ್ತಿ ಉರಿದ ಬಿಳಿ ಬೂದಿ ಬೇಡ, ಅದು ಮಣ್ಣಿನ ಕ್ಷಾರ ಹೆಚ್ಚಿಸುತ್ತದೆ.

ಕ್ಷಾರದ ಮಾತು ಯಾಕೆಂದರೆ ನಮ್ಮ ಬೋರ್ ನೀರೇ ಎಷ್ಟೋ ಕಡೆ ಸವಳು. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿ ಎಲೆಯ ತುದಿ ಕಂದಾದರೆ ಉಪ್ಪು ಕೂತಿದೆ ಎಂದು ತಿಳಿ. ಫಿಲ್ಟರ್ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಉಪ್ಪು ಇನ್ನೂ ಜಾಸ್ತಿ, ಅದನ್ನು ನೆಲ ಒರೆಸಲು ಇಟ್ಟುಕೊ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ, ಹಿಡಿದಿಡು. ಮಳೆ ಬಂದಾಗ ಕುಂಡಗಳನ್ನು ಕಟಾಂಜನದ ಹೊರಗೆ ಇಳಿಬಿಡಬೇಡ, ಕೆಳಗೆ ಜನ ಓಡಾಡುತ್ತಾರೆ. ಟೆರೇಸಿಗೆ ಒಯ್ದು ಚೆನ್ನಾಗಿ ತೊಯ್ಯಿಸು, ಸೇರಿದ ಉಪ್ಪು ತೊಳೆದುಹೋಗುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ಮಾತ್ರ ನೀರು ನಿಲ್ಲಗೊಡಬೇಡ, ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು.

ಕೊಳ್ಳುವ ಕಾಲವೂ ಮುಖ್ಯ. ನರ್ಸರಿಯ ಗಿಡ ಹಸಿರು ಪರದೆಯ ನೆರಳಲ್ಲಿ ಬೆಳೆದದ್ದು. ತಂದ ದಿನವೇ ಬಿಸಿಲಿಗಿಡದೆ ಒಂದು ವಾರ ನೆರಳಲ್ಲಿಟ್ಟು, ಆಮೇಲೆ ಮುಂಜಾನೆ ಬಿಸಿಲಿಗೆ ರೂಢಿ ಮಾಡು. ಯುಗಾದಿಗೆ ಮನೆ ಚೆಂದ ಕಾಣಲೆಂದು ಈಗಲೇ ಅವಸರ ಮಾಡಬೇಡ. ಮಳೆ ಹಿಡಿದ ಮೇಲೆ ಜುಲೈನಲ್ಲಿ ತಂದರೆ ಮುಂದಿನ ಬೇಸಿಗೆಯಷ್ಟರಲ್ಲಿ ಬೇರು ಗಟ್ಟಿಯಾಗಿರುತ್ತದೆ.